ಲೀ ಮ್ಯಾಥ್ಯೂಸ್: ಆಟಗಾರ, ಕೋಚ್, ಕಾಮೆಂಟೇಟರ್ – ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ವಿಷಯ ಬಂದಾಗೆಲ್ಲ ಈ ಹೆಸರು ಬರುತ್ತದೆ, ಹಿಂದೆಯೇ ಪ್ರಶ್ನೆಗಳೂ ಬರುತ್ತವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಕೇಳಿದವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಸುಲಭದವು ಮೊದಲು, ತಕರಾರಿನವು ಆಮೇಲೆ.

## ಮೊದಲ ಸಲ ಹೆಸರು ಕೇಳುವವರಿಗೆ

ಲೀ ಮ್ಯಾಥ್ಯೂಸ್ ಅಂದ್ರೆ ಯಾರು? ಚಿಕ್ಕದಾಗಿ ಹೇಳಿ.

1952ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಹುಟ್ಟಿದವರು. ಹಾಥಾರ್ನ್ ಕ್ಲಬ್ಬಿಗೆ 1969ರಿಂದ 1985ರವರೆಗೆ 332 ಪಂದ್ಯ ಆಡಿ 915 ಗೋಲು ಹೊಡೆದರು. ಆಮೇಲೆ ಕಾಲಿಂಗ್‌ವುಡ್ ಮತ್ತು ಬ್ರಿಸ್ಬೇನ್ ಲಯನ್ಸ್ ತಂಡಗಳಿಗೆ ಕೋಚ್ ಆದರು. ಆಟಗಾರನಾಗಿ ನಾಲ್ಕು ಪ್ರೀಮಿಯರ್‌ಶಿಪ್ (ಲೀಗಿನ ವರ್ಷದ ಚಾಂಪಿಯನ್ ಪಟ್ಟ), ಕೋಚ್ ಆಗಿ ನಾಲ್ಕು. ಎರಡು ಕೋಚ್ ಕೆಲಸಗಳ ನಡುವೆ ಮತ್ತು ಅವು ಮುಗಿದ ಮೇಲೆ ಟಿವಿ, ರೇಡಿಯೋದಲ್ಲಿ ಆಟದ ವಿಶ್ಲೇಷಣೆ ಮಾಡಿದರು. ಆಟ, ಕೋಚ್ ಕೆಲಸ, ಮೈಕು ಮೂರನ್ನೂ ನಿಭಾಯಿಸಿದವರು ಅಂದರೆ ನಮಗೆ ರವಿ ಶಾಸ್ತ್ರಿ ನೆನಪಾಗುತ್ತಾರೆ. ಆದರೆ ತಮ್ಮ ಆಟದ ಸಾರ್ವಕಾಲಿಕ ಶ್ರೇಷ್ಠರ ಪಟ್ಟಿಯಲ್ಲಿ ಮ್ಯಾಥ್ಯೂಸ್ ಹೆಸರು ತೀರಾ ಮೇಲಿದೆ.

ಇದು ರಗ್ಬಿನಾ, ಫುಟ್‌ಬಾಲಾ? ನನಗೆ ತಲೆಬುಡ ಅರ್ಥವಾಗಲ್ಲ.

ಎರಡೂ ಅಲ್ಲ. ನಡೆಯುವುದು ಕ್ರಿಕೆಟ್ ಮೈದಾನದಂಥ ಅಂಡಾಕಾರದ ಮೈದಾನದಲ್ಲಿ. ನಾವು ಟೆಸ್ಟ್ ನೋಡುವ ಎಂಸಿಜಿ ಮತ್ತು ಗಾಬಾ ಚಳಿಗಾಲದಲ್ಲಿ ಈ ಆಟದ ಮನೆಗಳು. ಒಂದು ತಂಡಕ್ಕೆ ಮೈದಾನದಲ್ಲಿ 18 ಜನ. ಚೆಂಡನ್ನು ಒದೆಯಬಹುದು, ಇಲ್ಲವೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ದಾಟಿಸಬಹುದು. ಎಸೆಯುವ ಹಾಗಿಲ್ಲ. ಹಿಡಿದುಕೊಂಡು ಓಡುವುದಾದರೆ 15 ಮೀಟರಿಗೊಮ್ಮೆ ನೆಲಕ್ಕೆ ಪುಟಿಸಬೇಕು. 15 ಮೀಟರಿಗಿಂತ ದೂರದಿಂದ ಒದ್ದು ಬಂದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ ಅದು ‘ಮಾರ್ಕ್’. ಹಿಡಿದವನು ನಿಂತು ನಿಧಾನವಾಗಿ ಒದೆಯಬಹುದು, ಯಾರೂ ಮೈಮೇಲೆ ಬೀಳುವಂತಿಲ್ಲ.

ಮೈದಾನದ ಎರಡು ತುದಿಗಳಲ್ಲೂ ನಾಲ್ಕು ನಾಲ್ಕು ಕಂಬ. ಮಧ್ಯದ ಎರಡು ಎತ್ತರದ ಕಂಬಗಳ ನಡುವೆ ಒದ್ದರೆ ಗೋಲು, 6 ಅಂಕ. ಪಕ್ಕದ ಗಿಡ್ಡ ಕಂಬದ ಕಡೆ ಹೋದರೆ ‘ಬಿಹೈಂಡ್’, 1 ಅಂಕ. ಅದಕ್ಕೇ ಸ್ಕೋರನ್ನು 13.11 ಅಂತ ಬರೆಯುತ್ತಾರೆ. 13 ಗೋಲು, 11 ಬಿಹೈಂಡ್, ಒಟ್ಟು 89. ಇಷ್ಟು ಗೊತ್ತಿದ್ದರೆ ಮುಂದಿನದ್ದೆಲ್ಲ ಓದಬಹುದು.

ವಿಎಫ್‌ಎಲ್, ಎಎಫ್‌ಎಲ್ ಅಂತ ಎರಡು ಹೆಸರು ಯಾಕೆ ಬರುತ್ತೆ?

ಲೀಗ್ ಒಂದೇ. ವಿಎಫ್‌ಎಲ್ ಅಂದರೆ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್, ಎಎಫ್‌ಎಲ್ ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್. ಮೊದಲು ವಿಕ್ಟೋರಿಯಾ ರಾಜ್ಯದ ಕ್ಲಬ್ಬುಗಳ ಲೀಗ್ ಆಗಿದ್ದದ್ದು ಬೇರೆ ರಾಜ್ಯಗಳಿಗೂ ಹರಡಿತು, 1990ರಲ್ಲಿ ಹೆಸರು ಎಎಫ್‌ಎಲ್ ಆಯಿತು. ಮ್ಯಾಥ್ಯೂಸ್ ಆಡಿದ್ದು ಪೂರ್ತಿ ವಿಎಫ್‌ಎಲ್ ಕಾಲದಲ್ಲಿ. ಎಎಫ್‌ಎಲ್ ಅನ್ನುವ ಹೆಸರಿನಡಿ ಮೊದಲ ಪ್ರೀಮಿಯರ್‌ಶಿಪ್ ಗೆದ್ದ ಕೋಚ್ ಕೂಡ ಅವರೇ.

## ಆಟಗಾರ

ಆರು ಅಡಿಯೂ ಇಲ್ಲದ ಮನುಷ್ಯ ಅಷ್ಟೊಂದು ಗೋಲು ಹೇಗೆ ಹೊಡೆದ?

ಎತ್ತರ 178 ಸೆಂಟಿಮೀಟರ್. ಆಗಿನ ಲೆಕ್ಕದಲ್ಲೂ ದೈತ್ಯನೇನಲ್ಲ. ಆಡುತ್ತಿದ್ದದ್ದು ರೋವರ್ ಜಾಗದಲ್ಲಿ. ಎತ್ತರದ ರಕ್‌ಮನ್ ಎಗರಿ ತಟ್ಟಿದ ಚೆಂಡನ್ನು ನೆಲಮಟ್ಟದಲ್ಲಿ ಕಸಿದುಕೊಂಡು ಓಡುವ ಕೆಲಸ ಅದು. ಹಾಥಾರ್ನಿನಲ್ಲಿ ಡಾನ್ ಸ್ಕಾಟ್ ತಟ್ಟುವುದು, ಮೈಕೆಲ್ ಟಕ್ ಮತ್ತು ಮ್ಯಾಥ್ಯೂಸ್ ಅದನ್ನು ಎತ್ತಿಕೊಂಡು ಹೋಗುವುದು. ಆ ಮೂವರ ಜೋಡಣೆಯನ್ನು ಅಲ್ಲಿನ ಹಳಬರು ಈಗಲೂ ನೆನೆಯುತ್ತಾರೆ. ಮಧ್ಯದ ಕೆಲಸದಿಂದ ಬಿಡುವು ಬೇಕಾದಾಗ ಅವರು ಗೋಲಿನ ಪಕ್ಕದ ಫಾರ್ವರ್ಡ್ ಪಾಕೆಟ್‌ಗೆ ಹೋಗಿ ನಿಲ್ಲುತ್ತಿದ್ದರು. ‘ವಿಶ್ರಾಂತಿ’ಯ ಜಾಗದಲ್ಲೇ ಗೋಲುಗಳ ರಾಶಿ ಬಿತ್ತು.

ಲೀಗಿನ ಸಾರ್ವಕಾಲಿಕ ಗೋಲು ಪಟ್ಟಿಯಲ್ಲಿ ಅವರಿಗಿಂತ ಮೇಲಿರುವವರನ್ನು ನೋಡಿ. ಟೋನಿ ಲಾಕೆಟ್ 1360, ಗಾರ್ಡನ್ ಕೊವೆಂಟ್ರಿ 1299, ಜೇಸನ್ ಡನ್‌ಸ್ಟಾಲ್ 1254. ಇವರೆಲ್ಲ ಗೋಲಿನ ಮುಂದೆಯೇ ನಿಂತು ಆಡಿದ ಫುಲ್ ಫಾರ್ವರ್ಡ್‌ಗಳು. ಮೈದಾನದ ಮಧ್ಯದಲ್ಲೂ ದುಡಿದು 915 ಹೊಡೆಯುವುದು ಬೇರೆಯೇ ಕಥೆ. 1975ರಲ್ಲಂತೂ ಇಡೀ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದದ್ದು ಇವರೇ. ರೋವರ್ ಒಬ್ಬ ಆ ಪಟ್ಟಕ್ಕೆ ಏರುವುದು ಅಪರೂಪ.

‘ಲೆಥಲ್ ಲೀ’ ಅನ್ನೋ ಹೆಸರು ಹೇಗೆ ಬಂತು? ಕಂಬ ಮುರಿದದ್ದು ನಿಜಾನಾ?

ಹೆಸರು ಇಟ್ಟದ್ದು ಲೂ ರಿಚರ್ಡ್ಸ್ ಅನ್ನುತ್ತಾರೆ. ಕಾಲಿಂಗ್‌ವುಡ್‌ನ ಮಾಜಿ ನಾಯಕ, ಆಮೇಲೆ ಪತ್ರಿಕೆ ಮತ್ತು ಟಿವಿಯಲ್ಲಿ ಮನೆಮಾತಾದವರು, ಆಟಗಾರರಿಗೆ ಅಡ್ಡಹೆಸರು ಇಡುವುದರಲ್ಲಿ ನಿಸ್ಸೀಮರು. ಮೈಮೇಲೆ ಬಂದು ಬಡಿದರೆ ಎದುರಾಳಿ ಏಳುವುದು ಕಷ್ಟ ಅನ್ನುವ ಅರ್ಥದ ಹೆಸರು.

ಕಂಬದ ವಿಷಯ ನಿಜ. 1982ರಲ್ಲಿ ಎಸೆಂಡನ್ ಕ್ಲಬ್ಬಿನ ವಿಂಡಿ ಹಿಲ್ ಮೈದಾನದಲ್ಲಿ ಓಡಿಬಂದ ವೇಗದಲ್ಲೇ ಬಿಹೈಂಡ್ ಕಂಬಕ್ಕೆ ಡಿಕ್ಕಿ ಹೊಡೆದರು. ಕಂಬ ತುಂಡಾಯಿತು. ವಿಡಿಯೋ ಸುಲಭವಾಗಿ ಸಿಗುತ್ತದೆ, ನೋಡಿ ನಕ್ಕುಬಿಡಿ. ಆದರೆ ಇದೊಂದೇ ಕ್ಲಿಪ್ ನೋಡಿ ‘ಬರೀ ಗೂಳಿ’ ಅಂದುಕೊಳ್ಳುವವರು ಜಾಸ್ತಿ. ಹಾಥಾರ್ನ್ ತನ್ನ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಅವರಿಗೆ ಎಂಟು ಸಲ ಕೊಟ್ಟಿದೆ. ಡಿಕ್ಕಿ ಹೊಡೆಯುವುದಕ್ಕೆ ಯಾರೂ ಎಂಟು ಸಲ ಪ್ರಶಸ್ತಿ ಕೊಡುವುದಿಲ್ಲ.

ಆಟಗಾರನಾಗಿ ಗೆದ್ದ ನಾಲ್ಕು ಪ್ರೀಮಿಯರ್‌ಶಿಪ್ ಯಾವುವು?

1971, 1976, 1978, 1983. ಮೊದಲೆರಡರಲ್ಲಿ ಕೋಚ್ ಜಾನ್ ಕೆನಡಿ, ಮೂರನೆಯದರಲ್ಲಿ ಡೇವಿಡ್ ಪಾರ್ಕಿನ್, ನಾಲ್ಕನೆಯದರಲ್ಲಿ ಆಲನ್ ಜೀನ್ಸ್. ಮೂವರು ಬೇರೆ ಬೇರೆ ಸ್ವಭಾವದ ಕೋಚ್‌ಗಳ ಕೈಕೆಳಗೆ ಗೆದ್ದದ್ದು ಮುಂದೆ ಉಪಯೋಗಕ್ಕೆ ಬಂತು. 1983ರಲ್ಲಿ ಅವರೇ ನಾಯಕ. ಎಸೆಂಡನ್ ವಿರುದ್ಧದ ಆ ಗ್ರ್ಯಾಂಡ್ ಫೈನಲನ್ನು ಹಾಥಾರ್ನ್ 83 ಅಂಕಗಳಿಂದ ಗೆದ್ದಿತು. ಎರಡು ವರ್ಷದ ನಂತರ ಅದೇ ಎಸೆಂಡನ್ 78 ಅಂಕಗಳಿಂದ ಸೇಡು ತೀರಿಸಿಕೊಂಡ 1985ರ ಗ್ರ್ಯಾಂಡ್ ಫೈನಲ್ ಅವರ ಕೊನೆಯ ಪಂದ್ಯ.

ಬ್ರೌನ್‌ಲೋ ಪದಕ ಯಾಕೆ ಸಿಗಲಿಲ್ಲ?

ಬ್ರೌನ್‌ಲೋ ಅಂದರೆ ಲೀಗಿನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಪದಕ. ಅದಕ್ಕೆ ಮತ ಹಾಕುವವರು ಅಂಪೈರ್‌ಗಳು. ಪ್ರತಿ ಪಂದ್ಯದ ನಂತರ ಮೂವರಿಗೆ 3, 2, 1 ಅಂತ ಮತ ಕೊಡುತ್ತಾರೆ. ಮ್ಯಾಥ್ಯೂಸ್‌ಗೆ ಅದು ಒಮ್ಮೆಯೂ ಒಲಿಯಲಿಲ್ಲ. ಎದುರಾಳಿಗಳ ಅಭಿಪ್ರಾಯ ಬೇರೆ ಇತ್ತು. 1982ರಲ್ಲಿ ಆಟಗಾರರ ಸಂಘ ತನ್ನದೇ ಅತ್ಯುತ್ತಮ ಆಟಗಾರ ಪ್ರಶಸ್ತಿ ಶುರು ಮಾಡಿದಾಗ, ಆಟಗಾರರೇ ಮತ ಹಾಕಿ ಆರಿಸಿದ ಮೊದಲ ವ್ಯಕ್ತಿ ಅವರು. ಆಗ ವಯಸ್ಸು 30. ಈಗ ಆ ಪ್ರಶಸ್ತಿಯ ಹೆಸರೇ ಲೀ ಮ್ಯಾಥ್ಯೂಸ್ ಟ್ರೋಫಿ. ಅವರ ಏಟು ತಿಂದವರ ಕೈಯಿಂದಲೇ ಬಂದ ಈ ಮೆಚ್ಚುಗೆ ಬ್ರೌನ್‌ಲೋಗಿಂತ ತೂಕದ್ದು ಅಂತ ನನಗನ್ನಿಸುತ್ತದೆ.

1985ರಲ್ಲಿ ಪೊಲೀಸ್ ಕೇಸ್ ಆಗಿತ್ತಂತೆ, ಹೌದಾ?

ಹೌದು. ಅಭಿಮಾನಿಗಳು ಬೇಗ ದಾಟಿಹೋಗುವ ಅಧ್ಯಾಯ ಇದು. ಗೀಲಾಂಗ್ ವಿರುದ್ಧದ ಪಂದ್ಯದಲ್ಲಿ, ಚೆಂಡು ಬೇರೆಲ್ಲೋ ಇದ್ದಾಗ, ಮ್ಯಾಥ್ಯೂಸ್ ಹೊಡೆದ ಏಟಿಗೆ ನೆವಿಲ್ ಬ್ರನ್ಸ್ ಅವರ ದವಡೆ ಮುರಿಯಿತು. ಲೀಗ್ ತನಿಖೆ ಮಾಡಿ ಮ್ಯಾಥ್ಯೂಸ್ ಅವರ ನೋಂದಣಿಯನ್ನೇ ನಾಲ್ಕು ವಾರ ರದ್ದು ಮಾಡಿತು. ಪೊಲೀಸರು ಹಲ್ಲೆ ಕೇಸು ದಾಖಲಿಸಿದರು. ಕೋರ್ಟು ತಪ್ಪಿತಸ್ಥ ಎಂದು 1000 ಡಾಲರ್ ದಂಡ ಹಾಕಿತು. ಮೇಲ್ಮನವಿಯಲ್ಲಿ ಆ ತೀರ್ಪು ಹೋಗಿ ಸನ್ನಡತೆಯ ಮುಚ್ಚಳಿಕೆ ಬಂತು.

ಮೈದಾನದೊಳಗಿನ ಏಟು ಕೋರ್ಟಿನ ಮೆಟ್ಟಿಲು ಹತ್ತಿದ್ದು ಆಗ ದೊಡ್ಡ ಸುದ್ದಿ. ಅಲ್ಲಿಯವರೆಗೆ ‘ಮೈದಾನದ್ದು ಮೈದಾನದಲ್ಲೇ ಮುಗೀಬೇಕು’ ಅನ್ನುವ ಧೋರಣೆ ಇತ್ತು. ಮ್ಯಾಥ್ಯೂಸ್ ಆಮೇಲೆ ಈ ಬಗ್ಗೆ ಬಹಿರಂಗವಾಗಿಯೇ ವಿಷಾದ ಹೇಳಿಕೊಂಡಿದ್ದಾರೆ. ‘ಆ ಕಾಲವೇ ಹಾಗಿತ್ತು’ ಅನ್ನುವ ಸಮಜಾಯಿಷಿ ನನಗಂತೂ ಒಪ್ಪಿಗೆಯಿಲ್ಲ. ಆ ಕಾಲದ ಲೀಗೂ ಪೊಲೀಸರೂ ಅದನ್ನು ತಪ್ಪು ಅಂತಲೇ ಹೇಳಿದ್ದರಲ್ಲ.

## ಕೋಚ್

ಹಾಥಾರ್ನಿನ ಹೀರೋ ಕಾಲಿಂಗ್‌ವುಡ್‌ಗೆ ಯಾಕೆ ಹೋದರು?

ಹಾಥಾರ್ನಿನಲ್ಲಿ ಆಲನ್ ಜೀನ್ಸ್ ಗಟ್ಟಿಯಾಗಿ ಕೂತಿದ್ದರು. ಕಾಲಿಂಗ್‌ವುಡ್‌ನಲ್ಲಿ ಬಾಬ್ ರೋಸ್ ಅವರ ಸಹಾಯಕನಾಗಿ, ಮುಂದೆ ಕೋಚ್ ಆಗುವ ದಾರಿಯೊಂದಿಗೆ, 1986ರಲ್ಲಿ ಸೇರಿದರು. ಮೂರು ಸುತ್ತು ಮುಗಿಯುವಷ್ಟರಲ್ಲೇ ರೋಸ್ ಪಕ್ಕಕ್ಕೆ ಸರಿದು ಜವಾಬ್ದಾರಿ ಬಿಟ್ಟುಕೊಟ್ಟರು. ಆಗ ಕ್ಲಬ್ಬಿನ ಕೈ ಖಾಲಿ. ಆಟಗಾರರ ಸಂಬಳ ಕಡಿತವಾಗುತ್ತಿತ್ತು. ಹಿಂದಿನ ವರ್ಷದವರೆಗೆ ಎದುರಾಳಿಯಾಗಿದ್ದವರು ಇಂಥ ಮನೆಗೆ ಯಜಮಾನರಾಗಿ ಬಂದಿದ್ದರು.

1990ರ ಗೆಲುವಿಗೆ ಕಾಲಿಂಗ್‌ವುಡ್‌ನವರು ಅಷ್ಟು ಕುಣಿದಾಡೋದು ಯಾಕೆ?

ಅದಕ್ಕೆ ಹಿಂದಿನ 32 ವರ್ಷ ನೋಡಬೇಕು. 1958ರಲ್ಲಿ ಗೆದ್ದ ಮೇಲೆ ಈ ಕ್ಲಬ್ ಎಂಟು ಗ್ರ್ಯಾಂಡ್ ಫೈನಲ್ ಸೋತಿತ್ತು. ಸೋತ ರೀತಿಯೂ ಒಂದಕ್ಕಿಂತ ಒಂದು ಕ್ರೂರ. 1964ರಲ್ಲಿ 4 ಅಂಕ. 1966ರಲ್ಲಿ ಒಂದೇ ಒಂದು ಅಂಕ. 1970ರಲ್ಲಿ ಅರ್ಧ ಪಂದ್ಯಕ್ಕೆ 44 ಅಂಕ ಮುಂದಿದ್ದು ಕಾರ್ಲ್‌ಟನ್‌ಗೆ ಸೋತರು. 1977ರಲ್ಲಿ ಪಂದ್ಯ ಸಮವಾಗಿ, ಮುಂದಿನ ವಾರ ಮತ್ತೆ ಆಡಿ ಸೋತರು. 1979ರಲ್ಲಿ 5 ಅಂಕ. ಕೊನೆಯ ಹಂತದಲ್ಲಿ ಕೈಕಾಲು ನಡುಗುವ ಈ ಚಾಳಿಯನ್ನು ಎದುರಾಳಿಗಳು ‘ಕಾಲಿವಾಬಲ್ಸ್’ ಅಂತ ಕರೆದು ಗೇಲಿ ಮಾಡುತ್ತಿದ್ದರು.

1990ರಲ್ಲೂ ಶುರುವಿನಲ್ಲೇ ಎಡವಟ್ಟು. ಫೈನಲ್ಸ್ ಹಂತದ, ಅಂದರೆ ಲೀಗ್ ಸುತ್ತುಗಳ ನಂತರ ಅಗ್ರ ತಂಡಗಳು ಮಾತ್ರ ಆಡುವ ಹಂತದ, ಮೊದಲ ಪಂದ್ಯ ವೆಸ್ಟ್ ಕೋಸ್ಟ್ ಜೊತೆ ಸಮವಾಯಿತು. ಮತ್ತೆ ಆಡಬೇಕಾದ್ದರಿಂದ ಇಡೀ ವೇಳಾಪಟ್ಟಿ ಒಂದು ವಾರ ಮುಂದೆ ಹೋಯಿತು, ಗ್ರ್ಯಾಂಡ್ ಫೈನಲ್ ಅಕ್ಟೋಬರ್ 6ಕ್ಕೆ ಬಿತ್ತು. ಕಾಯುತ್ತ ಕೂತ ಎಸೆಂಡನ್‌ಗೆ ಆ ಬಿಡುವು ಒಳ್ಳೆಯದು ಮಾಡಲಿಲ್ಲ. ಫೈನಲ್‌ನ ಮೊದಲ ಕ್ವಾರ್ಟರ್ ಮುಗಿಯುತ್ತಿದ್ದಂತೆ ಎರಡೂ ತಂಡಗಳ ನಡುವೆ ದೊಡ್ಡ ಹೊಡೆದಾಟ ನಡೆಯಿತು. ಏಟು ತಿಂದು ಬಿದ್ದ ಗ್ಯಾವಿನ್ ಬ್ರೌನ್ ಆಮೇಲೆ ಮರಳಿ ಬಂದು ಆಡಿದರು. ಇಂದಿನ ತಲೆಪೆಟ್ಟಿನ ನಿಯಮಗಳಲ್ಲಿ ಅದು ಸಾಧ್ಯವೇ ಇಲ್ಲ. ಕೊನೆಗೆ ಕಾಲಿಂಗ್‌ವುಡ್ 13.11, ಅಂದರೆ 89. ಎಸೆಂಡನ್ 5.11, ಅಂದರೆ 41. ನಾಯಕ ಟೋನಿ ಶಾಗೆ ಪಂದ್ಯಶ್ರೇಷ್ಠರ ನಾರ್ಮ್ ಸ್ಮಿತ್ ಪದಕ.

ಅಷ್ಟು ದೊಡ್ಡ ಗೆಲುವಿನ ನಂತರ ಅಲ್ಲಿಂದ ಹೋಗಬೇಕಾಗಿ ಬಂದದ್ದು ಯಾಕೆ?

ಆ ಗೆಲುವಿನ ನಂತರ ಅವರ ಕೈಕೆಳಗೆ ಕಾಲಿಂಗ್‌ವುಡ್ ಒಂದು ಫೈನಲ್ಸ್ ಪಂದ್ಯವನ್ನೂ ಗೆಲ್ಲಲಿಲ್ಲ. 1994ರಲ್ಲಿ ವೆಸ್ಟ್ ಕೋಸ್ಟ್ ಎದುರು 2 ಅಂಕದಿಂದ ಹೋಯಿತು. 1995ರ ಕೊನೆಗೆ ಅವರ ಅವಧಿ ಮುಗಿದು, ಜಾಗಕ್ಕೆ ಬಂದದ್ದು ಅದೇ ಟೋನಿ ಶಾ.

ಬ್ರಿಸ್ಬೇನ್‌ನಲ್ಲಿ ಏನು ಮಾಯ ಮಾಡಿದರು?

1996ರ ಕೊನೆಗೆ ಮೆಲ್ಬರ್ನಿನ ಹಳೆಯ ಕ್ಲಬ್ ಫಿಟ್ಸ್‌ರಾಯ್ ಮತ್ತು ಬ್ರಿಸ್ಬೇನ್ ಬೇರ್ಸ್ ಸೇರಿ ಆದದ್ದು ಬ್ರಿಸ್ಬೇನ್ ಲಯನ್ಸ್. 1998ರಲ್ಲಿ ಅದು ಪಟ್ಟಿಯ ತೀರಾ ಕೊನೆಯಲ್ಲಿತ್ತು. 1999ರಲ್ಲಿ ಮ್ಯಾಥ್ಯೂಸ್ ಬಂದರು, ಅದೇ ವರ್ಷ ತಂಡ ಪ್ರಿಲಿಮಿನರಿ ಫೈನಲ್ (ನಮ್ಮ ಲೆಕ್ಕದಲ್ಲಿ ಸೆಮಿಫೈನಲ್) ತಲುಪಿತು. ಮಾಯ ಅನ್ನಬೇಡಿ. ಮೈಕೆಲ್ ವಾಸ್, ಸೈಮನ್ ಬ್ಲ್ಯಾಕ್, ನೈಜೆಲ್ ಲ್ಯಾಪಿನ್, ಜೇಸನ್ ಅಕರ್ಮಾನಿಸ್ ಎಂಬ ನಾಲ್ಕು ಅಸಾಮಾನ್ಯ ಮಿಡ್‌ಫೀಲ್ಡರ್‌ಗಳು ಒಂದೇ ತಂಡದಲ್ಲಿದ್ದರು. ಗೋಲಿನ ಮುಂದೆ ಆಲಸ್ಟೇರ್ ಲಿಂಚ್. ಸರಕು ಇತ್ತು, ಅದನ್ನು ಜೋಡಿಸುವವರು ಬೇಕಿತ್ತು.

ಫಲ: 2001, 2002, 2003ರಲ್ಲಿ ಸತತ ಮೂರು ಪ್ರೀಮಿಯರ್‌ಶಿಪ್. ಅದಕ್ಕೆ ಮೊದಲು ಸತತ ಮೂರು ಗೆದ್ದದ್ದು 1955ರಿಂದ 57ರವರೆಗಿನ ಮೆಲ್ಬರ್ನ್ ತಂಡ. 1944ರ ನಂತರ ಒಂದೂ ಪ್ರೀಮಿಯರ್‌ಶಿಪ್ ಕಾಣದೆ ಕೊನೆಗೆ ಕ್ಲಬ್ಬನ್ನೇ ಕಳೆದುಕೊಂಡಿದ್ದ ಫಿಟ್ಸ್‌ರಾಯ್ ಅಭಿಮಾನಿಗಳಲ್ಲಿ ಹಲವರು ಇದರಲ್ಲಿ ತಮ್ಮ ಪಾಲನ್ನೂ ಕಂಡರು.

‘ರಕ್ತ ಬಂದರೆ ಕೊಲ್ಲಬಹುದು’ ಅಂತ ಅವರು ನಿಜವಾಗಲೂ ಹೇಳಿದ್ರಾ?

ಹೇಳಿದ್ದರು. ಒಂದು ಹಾಲಿವುಡ್ ಸಿನಿಮಾದ ಡೈಲಾಗ್ ಅದು. ಅದಕ್ಕೆ ರಕ್ತ ಬರುತ್ತೆ ಅಂದರೆ ಅದನ್ನು ಕೊಲ್ಲಲೂ ಬರುತ್ತೆ ಅನ್ನುವ ಅರ್ಥ. 2001ರ 10ನೇ ಸುತ್ತಿನಲ್ಲಿ ಎಸೆಂಡನ್ ಗಾಬಾಗೆ ಬರುವುದಿತ್ತು. ಹಿಂದಿನ ವರ್ಷ ಇಡೀ ಋತುವಿನಲ್ಲಿ ಒಂದೇ ಪಂದ್ಯ ಸೋತು ಪ್ರೀಮಿಯರ್‌ಶಿಪ್ ಗೆದ್ದಿದ್ದ ತಂಡ. ಬ್ರಿಸ್ಬೇನ್ ಆಗ 9 ಪಂದ್ಯದಲ್ಲಿ 4 ಗೆದ್ದು 5 ಸೋತು ತಡವರಿಸುತ್ತಿತ್ತು.

ಆ ಮಾತಿನ ನಂತರ ಬ್ರಿಸ್ಬೇನ್ 28 ಅಂಕಗಳಿಂದ ಗೆದ್ದಿತು. ಮತ್ತೆ ಆ ವರ್ಷ ಸೋಲಲೇ ಇಲ್ಲ. ಗ್ರ್ಯಾಂಡ್ ಫೈನಲ್ ಸೇರಿ ಸತತ 16 ಗೆಲುವು. ಗ್ರ್ಯಾಂಡ್ ಫೈನಲ್‌ನಲ್ಲೂ ಎದುರಾಳಿ ಎಸೆಂಡನ್ನೇ. ಅರ್ಧಕ್ಕೆ ಹಿಂದಿದ್ದವರು ಕೊನೆಗೆ 108-82ರಿಂದ ಗೆದ್ದರು.

ಈ ಡೈಲಾಗನ್ನು ಎಲ್ಲರೂ ಅಬ್ಬರದ ಮಾತು ಅಂತ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದರಲ್ಲಿ ಕಾಣುವುದು ತಣ್ಣನೆಯ ಲೆಕ್ಕ. ಎಸೆಂಡನ್ ದೇವರಲ್ಲ, ಅವರೂ ದಣಿಯುತ್ತಾರೆ, ಅವರಿಗೂ ನೋವಾಗುತ್ತದೆ ಅನ್ನುವ ಸರಳ ಸತ್ಯ. ಹೋಲಿಕೆಗೆ ಅವರ ಗುರು ಜಾನ್ ಕೆನಡಿ 1975ರ ಗ್ರ್ಯಾಂಡ್ ಫೈನಲ್‌ನ ಅರ್ಧವೇಳೆಯಲ್ಲಿ ಕೂಗಿದ್ದನ್ನು ನೋಡಿ: ಯೋಚಿಸಬೇಡಿ, ಆಸೆಪಡುತ್ತ ಕೂರಬೇಡಿ, ಏನಾದರೂ ಮಾಡಿ! ಅಂದು ಆ ತಂಡದಲ್ಲಿ ಕೂತು ಕೇಳಿಸಿಕೊಂಡವರಲ್ಲಿ ಮ್ಯಾಥ್ಯೂಸ್ ಕೂಡ ಒಬ್ಬರು. ಪಂದ್ಯ 55 ಅಂಕಗಳಿಂದ ಸೋತರು. ಮುಂದೆ ಅವರೇ ಕೋಚ್ ಆದಾಗ ಆಟಗಾರರನ್ನು ಯೋಚಿಸುವಂತೆ ಮಾಡುವ ದಾರಿ ಹಿಡಿದರು.

2004ರಲ್ಲಿ ಬ್ರಿಸ್ಬೇನ್‌ಗೆ ಅನ್ಯಾಯ ಆಯ್ತು ಅಂತಾರೆ, ಏನದು?

ಪ್ರಿಲಿಮಿನರಿ ಫೈನಲನ್ನು ತವರಲ್ಲಿ ಆಡುವ ಹಕ್ಕನ್ನು ಬ್ರಿಸ್ಬೇನ್ ಗಳಿಸಿತ್ತು. ಆದರೆ ಪ್ರತಿ ವರ್ಷ ಕನಿಷ್ಠ ಒಂದು ಪ್ರಿಲಿಮಿನರಿ ಫೈನಲ್ ಎಂಸಿಜಿಯಲ್ಲಿ ನಡೆಯಬೇಕು ಅನ್ನುವ ಒಪ್ಪಂದ ಇತ್ತು. ಹಾಗಾಗಿ ಗೀಲಾಂಗ್ ವಿರುದ್ಧ ಮೆಲ್ಬರ್ನಿಗೆ ಹೋಗಿ ಆಡಬೇಕಾಯಿತು. ಗೆದ್ದರು, ಆದರೆ ಮುಂದಿನ ವಾರ ಪೋರ್ಟ್ ಅಡಿಲೇಡ್ ಎದುರು 113-73ರಿಂದ ಸೋತರು. ಒಪ್ಪಂದ ಅನ್ಯಾಯದ್ದೇ. ಆದರೂ 40 ಅಂಕದ ಸೋಲನ್ನು ಪೂರ್ತಿ ಪ್ರಯಾಣದ ಮೇಲೆ ಹಾಕಲು ಬರುವುದಿಲ್ಲ. ನಾಲ್ಕನೇ ವರ್ಷವೂ ಕೊನೆಯ ದಿನದವರೆಗೆ ಆಡಿದ ದೇಹಗಳು ಸೋತಿದ್ದವು.

## ಮೈಕಿನ ಮುಂದೆ

ಮಾಜಿ ಆಟಗಾರರು ಟಿವಿಯಲ್ಲಿ ಕೂರೋದು ಸುಮ್ನೆ ದುಡ್ಡಿಗೆ ಅಲ್ವಾ?

ಹಲವರ ವಿಷಯದಲ್ಲಿ ಇರಬಹುದು. ಮ್ಯಾಥ್ಯೂಸ್ ಕಾಲಿಂಗ್‌ವುಡ್ ಬಿಟ್ಟು ಬ್ರಿಸ್ಬೇನ್ ಸೇರುವ ನಡುವೆ ಚಾನೆಲ್ ಸೆವೆನ್‌ನಲ್ಲಿ ಕೆಲಸ ಮಾಡಿದರು. ಕೋಚ್ ಆಗಿದ್ದಾಗ ವಾರಕ್ಕೆ ಒಂದು ಎದುರಾಳಿಯ ಮೇಲೇ ಕಣ್ಣು. ಕಾಮೆಂಟ್ರಿ ಬಾಕ್ಸಿನಲ್ಲಿ ಕೂತವರು ಎಲ್ಲ ತಂಡಗಳನ್ನೂ ಯಾವ ಒತ್ತಡವೂ ಇಲ್ಲದೆ ನೋಡಬಹುದು. ಆ ಬಿಡುವು ಅವರ ಎರಡನೇ ಇನಿಂಗ್ಸ್‌ಗೆ ದೊಡ್ಡ ಬಂಡವಾಳವಾಯಿತು ಅಂತ ನನ್ನ ಅಂದಾಜು. 2008ರ ಕೊನೆಗೆ ಬ್ರಿಸ್ಬೇನ್ ಬಿಟ್ಟ ಮೇಲೆ ಮತ್ತೆ ಸೆವೆನ್, ಜೊತೆಗೆ ಮೆಲ್ಬರ್ನಿನ 3ಎಡಬ್ಲ್ಯೂ ರೇಡಿಯೋ.

ಅವರ ಕಾಮೆಂಟ್ರಿ ಸಪ್ಪೆ ಅಂತ ಕೆಲವರು ಅಂತಾರಲ್ಲ?

ಕೂಗಾಟ ಬೇಕಾದವರಿಗೆ ಸಪ್ಪೆಯೇ. ಅಲ್ಲಿ ಚೆಂಡಿನ ಹಿಂದೆ ಓಡುತ್ತ ಪಂದ್ಯ ವರ್ಣಿಸುವವರು ಒಬ್ಬರು, ನಡುನಡುವೆ ‘ಯಾಕೆ ಹೀಗಾಯಿತು’ ಅಂತ ಬಿಡಿಸಿ ಹೇಳುವವರು ಇನ್ನೊಬ್ಬರು. ಇವರದು ಎರಡನೆಯ ಕೆಲಸ. ದನಿ ಏರಿಸದೆ, ಚೆಂಡಿನಿಂದ ದೂರ ಯಾರು ಎಲ್ಲಿ ನಿಂತಿದ್ದಾರೆ ಅನ್ನುವುದನ್ನು ತೋರಿಸುತ್ತಾರೆ. ಹೊಸದಾಗಿ ಆಟ ಕಲಿಯುವವರಿಗೆ ಇಂಥ ದನಿಯೇ ಹೆಚ್ಚು ಉಪಯೋಗ.

## ವಾದಕ್ಕೆ ಇಳಿದವರಿಗೆ

ಆಟಗಾರ ಮತ್ತು ಕೋಚ್ ಎರಡೂ ಸೇರಿಸಿದರೆ ಇವರೇ ನಂಬರ್ ಒನ್ನಾ?

ಬರೀ ಎಣಿಕೆಯಲ್ಲಿ ಅಲ್ಲ. ಮ್ಯಾಥ್ಯೂಸ್ ಒಟ್ಟು ಎಂಟು. ರಾನ್ ಬರಾಸಿ ಆಟಗಾರನಾಗಿ ಆರು, ಕೋಚ್ ಆಗಿ ನಾಲ್ಕು. ನಾರ್ಮ್ ಸ್ಮಿತ್ ಆಟಗಾರನಾಗಿ ನಾಲ್ಕು, ಕೋಚ್ ಆಗಿ ಆರು. ಇಬ್ಬರದೂ ಹತ್ತು. ಆದರೆ ಆಟಗಾರ ಮ್ಯಾಥ್ಯೂಸ್ ಅವರಿಬ್ಬರಿಗಿಂತ ಮೇಲು ಅನ್ನುವುದು ನನ್ನ ಪಕ್ಷ. 1996ರ ಶತಮಾನದ ತಂಡದಲ್ಲಿ ಅವರಿಗೆ ಫಾರ್ವರ್ಡ್ ಪಾಕೆಟ್ ಜಾಗ ಸಿಕ್ಕಿತು. ಅದೇ ವರ್ಷ ಶುರುವಾದ ಹಾಲ್ ಆಫ್ ಫೇಮ್‌ನ ಮೊದಲ ‘ಲೆಜೆಂಡ್’ಗಳಲ್ಲೂ ಅವರಿದ್ದರು. ಎಂಸಿಜಿ ಹೊರಗೆ ಬ್ರಾಡ್‌ಮನ್, ಲಿಲ್ಲಿ ಪ್ರತಿಮೆಗಳ ಸಾಲಿನಲ್ಲೇ ಅವರದ್ದೂ ಇದೆ. ಟೆಸ್ಟ್ ನೋಡಲು ಹೋದವರು ಹುಡುಕಬಹುದು.

ಬ್ರಿಸ್ಬೇನ್‌ಗೆ ಲೀಗ್ ಜಾಸ್ತಿ ದುಡ್ಡು ಕೊಟ್ಟಿತ್ತು, ಅದಕ್ಕೇ ಗೆದ್ದರು ಅಂತಾರೆ. ನಿಜಾನಾ?

ಆಟಗಾರರ ಸಂಬಳಕ್ಕೆ ಲೀಗ್ ಹಾಕಿರುವ ಮಿತಿಯಲ್ಲಿ ಬ್ರಿಸ್ಬೇನ್‌ಗೆ ಸ್ವಲ್ಪ ಹೆಚ್ಚುವರಿ ಅವಕಾಶ ಇದ್ದದ್ದು ನಿಜ. ದಕ್ಷಿಣದ ರಾಜ್ಯಗಳಿಂದ ಬಂದ ಹುಡುಗರು ಮನೆ ಕಡೆ ವಾಪಸ್ ಹೋಗದಿರಲಿ ಅನ್ನುವ ಉದ್ದೇಶ. ನೇಥನ್ ಬಕ್ಲಿಯ ಕಥೆ ಇದಕ್ಕೆ ಉದಾಹರಣೆ. 1993ರಲ್ಲಿ ಬ್ರಿಸ್ಬೇನ್ ಬೇರ್ಸ್‌ನಲ್ಲಿ ಆಡಿದ ಹುಡುಗ ಮರುವರ್ಷವೇ ಮ್ಯಾಥ್ಯೂಸ್ ಕೋಚ್ ಆಗಿದ್ದ ಕಾಲಿಂಗ್‌ವುಡ್ ಸೇರಿದ. ತಮಾಷೆ ಎಂದರೆ 2002 ಮತ್ತು 2003ರ ಗ್ರ್ಯಾಂಡ್ ಫೈನಲ್‌ಗಳಲ್ಲಿ ಅದೇ ಬಕ್ಲಿ ನಾಯಕನಾಗಿದ್ದ ಕಾಲಿಂಗ್‌ವುಡ್ಡನ್ನು ಸೋಲಿಸಿದ್ದು ಬ್ರಿಸ್ಬೇನ್‌ನ ಕೋಚ್ ಮ್ಯಾಥ್ಯೂಸ್. 2002ರದ್ದು ಮಳೆಯಲ್ಲಿ 9 ಅಂಕದ ಗೆಲುವು. ಸೋತರೂ ಪಂದ್ಯಶ್ರೇಷ್ಠ ಪದಕ ಬಕ್ಲಿಗೇ. 2003ರದ್ದು 50 ಅಂಕ. ಅವತ್ತು ಲ್ಯಾಪಿನ್ ಮುರಿದ ಪಕ್ಕೆಲುಬಿನಲ್ಲೇ ಆಡಿದರು, ಬ್ಲ್ಯಾಕ್ 39 ಸಲ ಚೆಂಡು ದಾಟಿಸಿದರು. ಹೆಚ್ಚುವರಿ ದುಡ್ಡು ತಂಡ ಒಡೆಯದಂತೆ ಹಿಡಿದಿಟ್ಟಿತು, ಅದನ್ನು ಅಲ್ಲಗಳೆಯುವುದಿಲ್ಲ. ಅಷ್ಟರಿಂದಲೇ ಮೂರು ಫೈನಲ್ ಗೆಲ್ಲಲಾಗುವುದಿಲ್ಲ.

ಎಲ್ಲರ ಜೊತೆ ಹೊಂದಿಕೊಂಡು ಹೋಗ್ತಿದ್ರಾ? ಅಕರ್ಮಾನಿಸ್ ಜಗಳ ಏನು?

ಅಕರ್ಮಾನಿಸ್ 2001ರಲ್ಲಿ ಬ್ರೌನ್‌ಲೋ ಗೆದ್ದ ಪ್ರತಿಭೆ, ಬಾಯಿ ಮಾತ್ರ ಕಟ್ಟಿಡುವುದು ಕಷ್ಟ. ತಂಡ ಗೆಲ್ಲುತ್ತಿದ್ದಾಗ ಅದನ್ನೆಲ್ಲ ಸಹಿಸಿಕೊಂಡರು. ಸೋಲು ಶುರುವಾದ ಮೇಲೆ ತಾಳಿಕೆ ಮುಗಿಯಿತು. 2006ರಲ್ಲಿ ಸಂಬಂಧ ಪೂರ್ತಿ ಹಳಸಿ ಅಕರ್ಮಾನಿಸ್ ವೆಸ್ಟರ್ನ್ ಬುಲ್‌ಡಾಗ್ಸ್ ಸೇರಿದರು. ತಪ್ಪು ಒಬ್ಬರದೇ ಅಂತ ತೀರ್ಪು ಕೊಡಲು ನಾನು ತಯಾರಿಲ್ಲ.

ಅವರ ಕೈಯಲ್ಲಿ ಪಳಗಿದವರು ಆಮೇಲೆ ಏನು ಮಾಡಿದರು?

ಕೋಚ್ ಆದವರ ದೊಡ್ಡ ಸಾಲೇ ಇದೆ. 2009ರಲ್ಲಿ ಬ್ರಿಸ್ಬೇನ್‌ನಲ್ಲಿ ಅವರ ಜಾಗಕ್ಕೆ ಬಂದದ್ದು ಮೈಕೆಲ್ ವಾಸ್, ಆಮೇಲೆ ಅವರು ಕಾರ್ಲ್‌ಟನ್ ಕೋಚ್ ಆದರು. ಕ್ರಿಸ್ ಸ್ಕಾಟ್ ಗೀಲಾಂಗ್‌ಗೆ 2011 ಮತ್ತು 2022ರಲ್ಲಿ ಪ್ರೀಮಿಯರ್‌ಶಿಪ್ ಗೆಲ್ಲಿಸಿದರು. ಅವರ ಅವಳಿ ಬ್ರಾಡ್ ಸ್ಕಾಟ್ ನಾರ್ತ್ ಮೆಲ್ಬರ್ನ್, ನಂತರ ಎಸೆಂಡನ್. 1990ರ ಕಾಲಿಂಗ್‌ವುಡ್ ತಂಡದಲ್ಲಿದ್ದ ಕ್ರೇಗ್ ಸ್ಟಾರ್ಸೆವಿಚ್ ಬ್ರಿಸ್ಬೇನ್ ಮಹಿಳಾ ತಂಡವನ್ನು 2021 ಮತ್ತು 2023ರಲ್ಲಿ ಗೆಲ್ಲಿಸಿದರು. ಮ್ಯಾಥ್ಯೂಸ್ ಜೊತೆ ಬ್ರಿಸ್ಬೇನ್‌ನಲ್ಲಿ ಮೂರು ಪ್ರೀಮಿಯರ್‌ಶಿಪ್ ಗೆದ್ದಿದ್ದ ಕ್ರೇಗ್ ಮೆಕ್ರೇ 2023ರಲ್ಲಿ ಕಾಲಿಂಗ್‌ವುಡ್‌ನ ಕೋಚ್. ಆ ವರ್ಷದ ಗ್ರ್ಯಾಂಡ್ ಫೈನಲ್‌ನಲ್ಲಿ ಎದುರಿಗಿದ್ದದ್ದು ಬ್ರಿಸ್ಬೇನ್ ಲಯನ್ಸ್. ಕಾಲಿಂಗ್‌ವುಡ್ 90, ಬ್ರಿಸ್ಬೇನ್ 86.